ನಿನ್ನ ಪರ್ಸ್ ನಿನ್ನ ಕೈಯಲ್ಲೇ ಇರಲಿ

ಚೆಟ್ಟಳ್ಳಿ
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನೀನು ಹಡಗು ಹತ್ತುವ ಸುದ್ದಿ ಕೇಳಿ ಆದ ಸಂತೋಷವನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಸಿಂಗಪುರ, ಪೆನಾಂಗ್, ಫುಕೆಟ್, ಮತ್ತೆ ಸಿಂಗಪುರ. ನೀನು ಆ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಾಗ ನಿನ್ನ ದನಿಯಲ್ಲಿ ಬಹಳ ಕಾಲದಿಂದ ಕೇಳದಿದ್ದ ಒಂದು ಹುರುಪು ಇತ್ತು. ಆದರೆ ಕೊನೆಗೆ, "ನಂಗೇನೂ ದುಡ್ಡು ಬೇಡ್ವಂತೆ, ಎಲ್ಲಾ ದೊಡ್ಡವನೇ ನೋಡ್ಕೊಳ್ತಾನಂತೆ" ಅಂದೆ ನೋಡು, ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಅದಕ್ಕೇ ಈ ಕಾಗದ.

ದೊಡ್ಡವನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಅಮ್ಮನಿಗೆ ಸಮುದ್ರ ತೋರಿಸಬೇಕು ಅಂತ ಹಣ ಕೂಡಿಟ್ಟ ಹುಡುಗ ಅವನು. ಅವನಿಗೆ ದುಡ್ಡು ಅಂದರೆ ಫೋನು, ಕಾರ್ಡು. ಅದೂ ಸರಿಯೇ. ಆದರೆ ಮೂರು ದೇಶದ ನೆಲ ಮೆಟ್ಟುವ ಹೆಂಗಸಿನ ಕೈಯಲ್ಲಿ ಆ ಮೂರೂ ದೇಶದ ನೋಟು ಸ್ವಲ್ಪ ಸ್ವಲ್ಪವಾದರೂ ಇರಲೇಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಎಳನೀರು ಕುಡಿಯಬೇಕೆನಿಸಿದರೆ ನೀನು ಮಗನ ಮುಖ ನೋಡುವಂತಾಗಬಾರದು. ಯಾರಿಗೂ ಹಾಗಾಗಬಾರದು, ನಿನಗಂತೂ ಖಂಡಿತ ಆಗಬಾರದು.

ಈ ಮನೆಯ ಜಗಲಿಯಲ್ಲಿ ಕೂತು ಎಷ್ಟು ವರ್ಷ ನೀನು ತೋಟದ ಆಳುಗಳಿಗೆ ಬಟವಾಡೆ ಮಾಡಿದ್ದೀ ಅಂತ ನಿನಗೇ ಮರೆತುಹೋಗಿರಬಹುದು. ಭಾವ ಹಾಸಿಗೆ ಹಿಡಿದ ಮೇಲೆ ಆಳುಗಳ ಹಾಜರಿ ಪುಸ್ತಕ, ಆ ಚೆಕ್‌ರೋಲ್, ನಿನ್ನ ಕೈಗೆ ಬಂತು. ರೈಟರ್ ಬರೆದ ಹಾಜರಿಯನ್ನು ನೀನು ಮತ್ತೊಮ್ಮೆ ಕೂಡಿಸಿ, ಮುಂಗಡ ಕಳೆದು, ಒಬ್ಬೊಬ್ಬರ ಹೆಸರಿನ ಕವರಿಗೆ ನೋಟು ಚಿಲ್ಲರೆ ಎರಡನ್ನೂ ಎಣಿಸಿ ಹಾಕುತ್ತಿದ್ದೆ. ಸಿದ್ದಾಪುರ ಸಂತೆಯಲ್ಲಿ ದೊಡ್ಡ ನೋಟು ಮುರಿಸುವುದು ಕಷ್ಟ, ಹೆಂಗಸರಿಗೆ ಹತ್ತು ಇಪ್ಪತ್ತರ ನೋಟೇ ಬೇಕು ಅಂತ ಮೊದಲು ಕಂಡುಕೊಂಡವಳು ನೀನು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಗಿಡದಲ್ಲಿ ಅರೇಬಿಕಾ ಹಣ್ಣು ಕೆಂಪಾಗುತ್ತಿತ್ತು, ಕೊಯ್ಲಿಗೆ ಆಳು ಬಂದಾಗಿತ್ತು. ಉಳಿತಾಯ ಖಾತೆಯಿಂದ ವಾರಕ್ಕೆ 24,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಆಗ ನೀನು ಲೈನ್‌ಮನೆಯವರಿಗೆ ಚೀಟಿ ಬರೆದುಕೊಟ್ಟೆ, ಅಂಗಡಿಯವರು ಆ ಚೀಟಿ ನೋಡಿ ಅಕ್ಕಿ, ಎಣ್ಣೆ, ಸೋಪು ಕೊಟ್ಟರು. ನಿನ್ನ ಸಹಿಗೆ ಆ ಬೆಲೆ ಇತ್ತು. ಅಂಥವಳು ಬೆಂಗಳೂರಿಗೆ ಹೋದ ಮೇಲೆ ತರಕಾರಿಯವನಿಗೂ ಸೊಸೆಯ ಫೋನಿನಿಂದಲೇ ಕೊಡಿಸುತ್ತೀ ಅಂತ ಕೇಳಿ ನನಗೆ ನಿಜವಾಗಿ ನೋವಾಗಿದೆ.

ಬ್ಯಾಂಕಿನ ವಿದೇಶಿ ವಿನಿಮಯದ ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ನಾನು ಪದೇಪದೇ ಒಂದೇ ದೃಶ್ಯ ನೋಡಿದ್ದೇನೆ. ಗಂಡ ಮುಂದೆ ನಿಂತು ಫಾರ್ಮ್ ತುಂಬುತ್ತಾನೆ, ಹೆಂಡತಿ ಒಂದು ಹೆಜ್ಜೆ ಹಿಂದೆ ನಿಂತಿರುತ್ತಾಳೆ. ಡಾಲರ್ ಎಣಿಸಿಕೊಟ್ಟರೆ ಅದು ಅವನ ಜೇಬಿಗೆ ಹೋಗುತ್ತದೆ. ಆದರೆ ಕಾನೂನು ಹಾಗೆ ಹೇಳುವುದೇ ಇಲ್ಲ, ಅಕ್ಕ. 2004ರಲ್ಲಿ ರಿಸರ್ವ್ ಬ್ಯಾಂಕ್ ತಂದ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಹಕ್ಕು ಇರುವುದು ಒಬ್ಬೊಬ್ಬ ವ್ಯಕ್ತಿಗೆ, ಮನೆಗಲ್ಲ. ಮೊದಲು ಅದರ ಮಿತಿ ವರ್ಷಕ್ಕೆ 25,000 ಡಾಲರ್ ಇತ್ತು, ಈಗ ಎರಡೂವರೆ ಲಕ್ಷ ಡಾಲರ್. ಅಷ್ಟು ಹಣ ನಮಗೆ ಎಲ್ಲಿಂದ ಬರಬೇಕು, ಆ ಮಾತು ಬೇರೆ. ಹಿಂದೆ, ಅರವತ್ತರ ದಶಕದಲ್ಲಿ, ಓದಲು ಹೊರಟ ಹುಡುಗರು ಎಂಟು ಡಾಲರ್ ಹಿಡಿದುಕೊಂಡು ಅಮೆರಿಕಕ್ಕೆ ಇಳಿಯುತ್ತಿದ್ದರು. ಅಲ್ಲಿಂದ ಇಲ್ಲಿಗೆ ಬಂದಿದ್ದೇವೆ. ನಿನ್ನ ಪಾಸ್‌ಪೋರ್ಟ್, ನಿನ್ನ ಪ್ಯಾನ್ ಕಾರ್ಡ್ ತೋರಿಸಿದರೆ ನಿನ್ನ ಹೆಸರಿನಲ್ಲೇ ದುಡ್ಡು ಸಿಗುತ್ತದೆ. ಮಗನ ಫಾರ್ಮಿನ ಕೆಳಗೆ ಸೇರಿಕೊಳ್ಳಬೇಕಾಗಿಲ್ಲ.

ಹೆಣ್ಣಿನ ಹಣ ಬೇರೆಯವರ ಕೈಗೆ ಹೋದ ಕಥೆ ನಮ್ಮ ಕೊಡಗಿನಲ್ಲೇ ಇದೆಯಲ್ಲ. ರಾಜ ದೊಡ್ಡ ವೀರರಾಜೇಂದ್ರ ತನ್ನ ಮಗಳು ದೇವಮ್ಮಾಜಿಗೆಂದು ಈಸ್ಟ್ ಇಂಡಿಯಾ ಕಂಪನಿಯಲ್ಲಿ ಹಣ ಇಟ್ಟ. ಅವನು ತೀರಿಕೊಂಡ ಮೇಲೆ ಅವಳ ಚಿಕ್ಕಪ್ಪ ಲಿಂಗರಾಜ ಪಟ್ಟದ ಜೊತೆಗೆ ಆ ಹಣದ ಮೇಲೂ ಕೈ ಇಟ್ಟ. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರ, 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದವನು, 1852ರಲ್ಲಿ ಮಗಳು ಗೌರಮ್ಮನೊಡನೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಕಂಪನಿಯಲ್ಲಿದ್ದ ಹಣಕ್ಕಾಗಿ ಮೊಕದ್ದಮೆ ಹೂಡಿದ. ದುಡ್ಡು ಬರಲಿಲ್ಲ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಡಿಕೇರಿ ಕೋಟೆ ನೋಡುವವರೆಲ್ಲ ರಾಜರ ಕಥೆ ಕೇಳುತ್ತಾರೆ. ನನಗೆ ಮಾತ್ರ ತನ್ನ ಹೆಸರಿನ ದುಡ್ಡನ್ನು ಮುಟ್ಟಲಾಗದೇ ಹೋದ ಆ ಹುಡುಗಿ ದೇವಮ್ಮಾಜಿಯೇ ನೆನಪಾಗುವುದು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ.

ಬೆಂಗಳೂರಿನಲ್ಲಿ ನೀನು ಕೊಳ್ಳಬೇಕಾದದ್ದು ಸಿಂಗಪುರದ ಡಾಲರ್ ಮಾತ್ರ. ರಿಂಗಿಟ್, ಬಾತ್ ಇಲ್ಲಿ ಕೇಳಿದರೆ ಕೆಲವೊಮ್ಮೆ ಸಿಗುವುದೇ ಇಲ್ಲ, ಸಿಕ್ಕರೂ ದರ ದುಬಾರಿ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಕಡೆಗೇ ಹೋಗಬೇಕು, ರಸೀತಿ ತೆಗೆದುಕೊಳ್ಳಬೇಕು. ವಿಮಾನ ನಿಲ್ದಾಣದ ಕೌಂಟರಿಗೆ ಬಿಡಬೇಡ, ಅಲ್ಲಿಯ ದರ ಯಾವಾಗಲೂ ಕೆಟ್ಟದ್ದು. ಐವತ್ತು ಸಾವಿರ ರೂಪಾಯಿವರೆಗೆ ನಗದು ಕೊಟ್ಟು ವಿದೇಶಿ ನೋಟು ಕೊಳ್ಳಬಹುದು, ಅದಕ್ಕಿಂತ ಹೆಚ್ಚಿಗೆ ಚೆಕ್ಕೋ ಕಾರ್ಡೋ ಬೇಕು. ನೋಟಿನ ರೂಪದಲ್ಲಿ ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರಿನಷ್ಟು ಒಯ್ಯಬಹುದು, ನಿನಗೆ ಅದರ ಹತ್ತರಲ್ಲೊಂದು ಪಾಲು ಧಾರಾಳ. ನಮ್ಮ ರೂಪಾಯಿ ನೋಟನ್ನೂ 25,000ದವರೆಗೆ ಜೊತೆಗೆ ಇಟ್ಟುಕೊಳ್ಳಬಹುದು. ವಾಪಸ್ ಬಂದಾಗ ಟ್ಯಾಕ್ಸಿಗೆ, ಕಾಫಿಗೆ ಬೇಕಾಗುತ್ತದಲ್ಲ, ಎರಡು ಸಾವಿರ ಇಟ್ಟುಕೊಂಡಿರು.

ಸಿಂಗಪುರದಲ್ಲಿ ಒಂದು ರಾತ್ರಿ ತಂಗುತ್ತೀರಿ ಅಂದೆಯಲ್ಲ, ಆ ಸಂಜೆ ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರಿಗೆ ಹೋಗು, ಇಲ್ಲವೇ ರಾಫಲ್ಸ್ ಪ್ಲೇಸಿನ ಆರ್ಕೇಡ್ ಎನ್ನುವ ಕಟ್ಟಡಕ್ಕೆ. ನೋಟು ಬದಲಿಸುವವರ ಅಂಗಡಿಗಳು ಅಲ್ಲಿ ಒಂದರ ಪಕ್ಕ ಒಂದು ಇವೆ, ಪೈಪೋಟಿ ಇರುವುದರಿಂದ ದರವೂ ನ್ಯಾಯವಾಗಿರುತ್ತದೆ. ಬೋರ್ಡಿನಲ್ಲಿ ಎರಡು ಸಾಲು ಅಂಕಿ ಇರುತ್ತದೆ, ಅವರು ಕೊಳ್ಳುವ ದರ ಒಂದು, ಮಾರುವ ದರ ಒಂದು. ಅದನ್ನು ಓದಿ ತಲೆ ಕೆಡಿಸಿಕೊಳ್ಳುವುದಕ್ಕಿಂತ, ನೂರು ಡಾಲರ್ ಕೊಟ್ಟರೆ ಎಷ್ಟು ರಿಂಗಿಟ್ ಕೈಗೆ ಬರುತ್ತದೆ ಅಂತ ನೇರವಾಗಿ ಕೇಳು. ಎರಡು ಮೂರು ಅಂಗಡಿಯಲ್ಲಿ ಕೇಳು. ಕಾಳುಮೆಣಸು ಮಾರುವಾಗ ಕುಶಾಲನಗರದಲ್ಲೂ ಮಡಿಕೇರಿಯಲ್ಲೂ ರೇಟು ಕೇಳದೆ ನೀನು ಮೂಟೆ ಎತ್ತಲು ಬಿಟ್ಟವಳಲ್ಲ.

ಪೆನಾಂಗಿನ ಒಂದು ದಿನಕ್ಕೆ ನಿನಗೆ ನೂರೈವತ್ತು ರಿಂಗಿಟ್, ಫುಕೆಟ್ಟಿಗೆ ಸಾವಿರದೈನೂರು ಬಾತ್ ಸಾಕೆಂದು ನನ್ನ ಅಂದಾಜು. ಲೆಕ್ಕಕ್ಕೆ ಸುಲಭವಾಗಲಿ ಅಂತ ಹೀಗೆ ನೆನಪಿಟ್ಟುಕೋ: ಸಿಂಗಪುರದ ಡಾಲರಿಗೆ ಎಪ್ಪತ್ತು ರೂಪಾಯಿಯ ಆಸುಪಾಸು, ರಿಂಗಿಟ್‌ಗೆ ಇಪ್ಪತ್ತು ಚಿಲ್ಲರೆ, ಬಾತ್‌ಗೆ ಮೂರಕ್ಕೆ ಸ್ವಲ್ಪ ಕಡಿಮೆ. ಹೊರಡುವ ದಿನದ ದರವನ್ನು ದೊಡ್ಡವನಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಆಯಿತು. ಮೂರು ಕವರ್ ಮಾಡಿ ಒಂದೊಂದರ ಮೇಲೆ ದೇಶದ ಹೆಸರು ಬರೆ. ಇಳಿಯುವ ದಿನದ ಕವರ್ ಮಾತ್ರ ಪರ್ಸಿಗೆ, ಉಳಿದವು ಹಡಗಿನ ಕೋಣೆಯ ಲಾಕರಿಗೆ.

ಹಡಗಿನೊಳಗೆ ನೋಟು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡ್ ಕೊಡುತ್ತಾರೆ. ಕೋಣೆಯ ಬೀಗ ತೆರೆಯುವುದೂ ಅದರಲ್ಲೇ, ಕಾಫಿಗೆ ಲೆಕ್ಕ ಬರೆಸುವುದೂ ಅದರಲ್ಲೇ. ಆ ಲೆಕ್ಕ ಹಡಗಿನ ಕಂಪನಿಗೆ ತಕ್ಕಂತೆ ಅಮೆರಿಕನ್ ಡಾಲರಿನಲ್ಲೋ ಸಿಂಗಪುರ ಡಾಲರಿನಲ್ಲೋ ಏರುತ್ತಾ ಹೋಗುತ್ತದೆ. ಅದಕ್ಕೆ ಜೋಡಿಸಲು ದೊಡ್ಡವನು ಕ್ರೆಡಿಟ್ ಕಾರ್ಡನ್ನೇ ಕೊಡಲಿ. ನಿನ್ನ ಡೆಬಿಟ್ ಕಾರ್ಡ್ ಕೊಟ್ಟರೆ ಮುಂಗಡವಾಗಿ ಒಂದು ಮೊತ್ತವನ್ನು ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗುವವರೆಗೆ ನಿನ್ನದೇ ಖಾತೆಯ ದುಡ್ಡು ನಿನಗೆ ಸಿಗುವುದಿಲ್ಲ. ಕೆಲಸದವರ ಟಿಪ್ಸ್ ಕೂಡ ದಿನಕ್ಕಿಷ್ಟು ಅಂತ ಆ ಲೆಕ್ಕಕ್ಕೇ ಸೇರುತ್ತದೆ. ಹಾಗಿದ್ದರೂ ನಿಮ್ಮ ಕೋಣೆ ಗುಡಿಸಿ ಹಾಸಿಗೆ ಹಾಸಿದ ಹುಡುಗನಿಗೆ ಕೊನೆಯ ದಿನ ನಿನ್ನ ಕೈಯಾರೆ ಏನಾದರೂ ಕೊಡು. ಮಂಗಳೂರು, ಉಡುಪಿ ಕಡೆಯ ಎಷ್ಟೋ ಹುಡುಗರು ಹಡಗುಗಳಲ್ಲಿ ದುಡಿಯುತ್ತಾರೆ, ಕನ್ನಡ ಮಾತಾಡುವವನೇ ಸಿಕ್ಕರೂ ಸಿಗಬಹುದು. ಇಳಿಯುವ ಹಿಂದಿನ ರಾತ್ರಿಯೇ ಬಿಲ್ ತರಿಸಿ ಸಾಲು ಸಾಲಾಗಿ ಓದಿಸಿಕೋ. ಬೆಳಗ್ಗೆ ಕೌಂಟರಿನ ಮುಂದೆ ಉದ್ದ ಕ್ಯೂ ಇರುತ್ತದೆ, ಆಗ ಯಾರಿಗೂ ತಾಳ್ಮೆ ಇರುವುದಿಲ್ಲ.

ಹಡಗು, ದುಡ್ಡು ಅನ್ನುವಾಗ ನಮ್ಮೂರಿನ ಹಾಜಿಯವರು ನೆನಪಾದರು. ನಿನಗೂ ನೆನಪಿರಬೇಕು, ಕಿತ್ತಳೆ ವ್ಯಾಪಾರದ ಅಜ್ಜ. ಬೊಂಬಾಯಿಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹೋಗಿಬಂದ ಅವರು ಹಜ್‌ಗೆಂದೇ ಬೇರೆ ರೂಪಾಯಿ ನೋಟು ಕೊಟ್ಟಿದ್ದರು ಅಂತ ಹೇಳುತ್ತಿದ್ದರು. ನಾವು ಮಕ್ಕಳು ನಂಬುತ್ತಿರಲಿಲ್ಲ. ಬ್ಯಾಂಕಿಗೆ ಸೇರಿದ ಮೇಲೆ ನನಗೆ ತಿಳಿಯಿತು, ಅದು ಅಕ್ಷರಶಃ ನಿಜ. ಕೊಲ್ಲಿ ನಾಡುಗಳಲ್ಲಿ ಆಗ ನಮ್ಮ ರೂಪಾಯಿಯೇ ನಡೆಯುತ್ತಿತ್ತು. ಕಳ್ಳಸಾಗಣೆಯವರು ರೂಪಾಯಿ ಕೊಟ್ಟು ಅಲ್ಲಿ ಚಿನ್ನ ಕೊಳ್ಳುವುದು, ಆ ರೂಪಾಯಿ ತಿರುಗಿ ಬಂದು ರಿಸರ್ವ್ ಬ್ಯಾಂಕಿನಿಂದ ಪೌಂಡು ಕೇಳುವುದು, ಹೀಗೆ ದೇಶದ ಬೊಕ್ಕಸ ಸೋರುತ್ತಿತ್ತು. ಅದನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ನೋಟು ತಂದರು, ಯಾತ್ರಿಕರಿಗೆಂದು ಹತ್ತು ಮತ್ತು ನೂರರ ಹಜ್ ನೋಟು ಬೇರೆ. ಭಾರತದೊಳಗೆ ಅವು ಚಲಾವಣೆಯಲ್ಲಿರಲಿಲ್ಲ. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ, ಆಗಲೂ ಅದನ್ನೇ ಬಳಸುತ್ತಿದ್ದ ಕೊಲ್ಲಿಯವರೂ ಒಬ್ಬೊಬ್ಬರಾಗಿ ಅದನ್ನು ಬಿಟ್ಟರು. ನಮ್ಮೂರ ಓಣಿಯಿಂದ ಹೊರಟ ಅಜ್ಜ ಕೈಯಲ್ಲಿ ಬೇರೆಯದೇ ರೂಪಾಯಿ ಹಿಡಿದು ಸಮುದ್ರ ದಾಟಿದ್ದರಲ್ಲ, ಆಗ ನಂಬದಿದ್ದ ನಮಗೆ ಅವರು ಆ ಕಥೆಯನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದರು. ದೊಡ್ಡ ಮನುಷ್ಯ.

ನೀನು ಇಳಿಯುವ ಪೆನಾಂಗಿನಲ್ಲೂ ಒಂದು ಕಾಲಕ್ಕೆ ರೂಪಾಯಿಯೇ ಸರಕಾರಿ ಹಣವಾಗಿತ್ತು. ಸಿಂಗಪುರ, ಮಲಕ್ಕಾ, ಪೆನಾಂಗ್ ಮೂರನ್ನೂ ಕಲ್ಕತ್ತೆಯಿಂದ ಆಳುತ್ತಿದ್ದ ದಿನಗಳವು. 1867ರಲ್ಲಿ ಅವು ನೇರವಾಗಿ ಬ್ರಿಟಿಷ್ ರಾಣಿಯ ಆಡಳಿತಕ್ಕೆ ಹೋದಾಗ ರೂಪಾಯಿ ಹೋಗಿ ಡಾಲರ್ ಬಂತು. ಸಂತೆಯ ಜನ ಮಾತ್ರ ಅದಕ್ಕೂ ಮೊದಲಿನಿಂದಲೇ ಸ್ಪೇನಿನ ಬೆಳ್ಳಿ ಡಾಲರನ್ನೇ ನೆಚ್ಚಿಕೊಂಡಿದ್ದರು. ಸ್ವೆಟನ್‌ಹ್ಯಾಮ್ ಪಿಯರ್‌ನಲ್ಲಿ ಹಡಗು ನಿಂತರೆ ಜಾರ್ಜ್‌ಟೌನಿನ ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. ತಮಿಳು ಕೇಳಿಸುತ್ತದೆ, ಮಲ್ಲಿಗೆ ಸಿಗುತ್ತದೆ, ನೋಟು ಬದಲಿಸುವ ಅಂಗಡಿಗಳೂ ಇವೆ. ರಿಂಗಿಟ್ ನೋಟುಗಳ ಮೇಲೆಲ್ಲ ಅವರ ಮೊದಲ ದೊರೆ ತುವಾಂಕು ಅಬ್ದುಲ್ ರಹಮಾನ್ ಅವರ ಚಿತ್ರವೇ ಇರುವುದರಿಂದ ಮುಖ ನೋಡಿ ಗುರುತಿಸಲಾಗದು, ಬಣ್ಣ ನೋಡಬೇಕು. ಒಂದು ನೀಲಿ, ಐದು ಹಸಿರು, ಹತ್ತು ಕೆಂಪು, ಇಪ್ಪತ್ತು ಕಿತ್ತಳೆ. ಐವತ್ತರಲ್ಲೂ ಹಸಿರು ಇದೆ, ಐದರ ಜೊತೆ ಬೆರೆಸಿಕೊಳ್ಳಬೇಡ. ಅಲ್ಲಿಯ ಮಾರುಕಟ್ಟೆಯಲ್ಲಿ ರಂಬುಟಾನ್ ಕಂಡರೆ ತಪ್ಪದೆ ಬೆಲೆ ಕೇಳು. ನಮ್ಮ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಿಂದ ಬಂದ ಅರ್ಕಾ ಕೂರ್ಗ್ ಅರುಣ್ ತಳಿಯ ಕೆಂಪು ಹಣ್ಣು ತಿಂದ ಬಾಯಿ ನಮ್ಮದು. ಆ ಹಣ್ಣಿನ ತವರು ಮಲಯದ ಕಡೆಯೇ. ಕಿಲೋಗೆ ಎಷ್ಟು ರಿಂಗಿಟ್, ನಮ್ಮೂರ ಲೆಕ್ಕದಲ್ಲಿ ಎಷ್ಟು ರೂಪಾಯಿ ಅಂತ ನೀನೇ ಗುಣಿಸಿ ನೋಡಿ ಬಂದು ಹೇಳು. ಅಂಥ ಒಂದು ಹಣ್ಣಿನ ಬೆಲೆ ತಿಳಿದರೆ ಉಳಿದ ವಸ್ತು ದುಬಾರಿಯೋ ಸೋವಿಯೋ ಅಂತ ಅಂದಾಜು ಸಿಗುತ್ತದೆ.

ಫುಕೆಟ್‌ನಲ್ಲಿ ಹಡಗು ಕೆಲವೊಮ್ಮೆ ಪಟಾಂಗ್ ಕಡಲತೀರದಿಂದ ದೂರದಲ್ಲೇ ಲಂಗರು ಹಾಕಿ, ಚಿಕ್ಕ ದೋಣಿಗಳಲ್ಲಿ ದಡಕ್ಕೆ ಕರೆದೊಯ್ಯುತ್ತದೆ. ಅಲ್ಲಿ ನಿನಗೆ ಬೇಕಾಗುವುದೆಲ್ಲ ನಗದಿನ ವ್ಯವಹಾರ: ಎಳನೀರು, ಟುಕ್‌ಟುಕ್, ಕಾಲು ಒತ್ತುವ ಹೆಂಗಸರು. ಸಾವಿರ ಬಾತಿನ ನೋಟು ತೋರಿಸಿದರೆ ಬುಟ್ಟಿ ಹೊತ್ತವಳ ಹತ್ತಿರ ಚಿಲ್ಲರೆ ಇರುವುದಿಲ್ಲ. ಸಿಂಗಪುರದಲ್ಲೇ ನೂರರ ನೋಟು ಕೇಳಿ ತೆಗೆದುಕೋ, ಇಲ್ಲದಿದ್ದರೆ ಬೀದಿಗೊಂದಿರುವ ಸೆವೆನ್ ಇಲೆವೆನ್ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಮುರಿಸು. ಎಟಿಎಂಗೆ ಹೋಗಬೇಡ, ಹೊರದೇಶದ ಕಾರ್ಡಿಗೆ ಅಲ್ಲಿನ ಬ್ಯಾಂಕುಗಳು ಪ್ರತಿ ಸಲ ದುಬಾರಿ ಶುಲ್ಕ ಹಿಡಿಯುತ್ತವೆ. ಇನ್ನೊಂದು ಮುಖ್ಯ ಸಂಗತಿ: ಪ್ರತಿ ನೋಟಿನ ಮೇಲೂ ಅವರ ರಾಜನ ಚಿತ್ರವಿದೆ. ಗಾಳಿಗೆ ನೋಟು ಹಾರಿದರೆ ಕಾಲಿನಿಂದ ಒತ್ತಿ ಹಿಡಿಯಬೇಡ, ಬಗ್ಗಿ ಕೈಯಿಂದಲೇ ಎತ್ತಿಕೋ. ದುಡ್ಡು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವವಳು ನೀನು, ನಿನಗೆ ಇದನ್ನು ಹೇಳಬೇಕಾಗಿಯೇ ಇಲ್ಲ, ಮೊಮ್ಮಕ್ಕಳಿಗೆ ಹೇಳಿಡು.

ಒಂದು ಕಾರ್ಡ್ ನಿನ್ನ ಹತ್ತಿರವೂ ಇರಲಿ, ನಗದಿಗೆ ಆಸರೆಯಾಗಿ. 2020ರಿಂದ ನಮ್ಮ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ವಿದೇಶದ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪ್‌ನಲ್ಲಿ ಚಾಲೂ ಮಾಡಬೇಕು, ತಿರುಗಿ ಬಂದ ಮೇಲೆ ಮರೆಯದೆ ಮುಚ್ಚಬೇಕು. ಅಂಗಡಿಯ ಯಂತ್ರ ನಿನ್ನದು ಭಾರತದ ಕಾರ್ಡ್ ಅಂತ ಕಂಡುಹಿಡಿದು, ರೂಪಾಯಿಯಲ್ಲಿ ಕೊಡುತ್ತೀರಾ, ರಿಂಗಿಟ್‌ನಲ್ಲಾ ಅಂತ ಕೇಳುತ್ತದೆ. ರೂಪಾಯಿ ಅಂತ ಕಂಡರೆ ನಮ್ಮವರನ್ನು ಕಂಡಷ್ಟು ಸಮಾಧಾನವಾಗುತ್ತದೆ. ಅದನ್ನು ಒತ್ತಬೇಡ. ಆ ರೂಪಾಯಿಯ ಲೆಕ್ಕವನ್ನು ಅಂಗಡಿಯ ಕಡೆಯವರು ತಮಗೆ ಬೇಕಾದ ದರದಲ್ಲಿ ಹಾಕಿರುತ್ತಾರೆ. ಯಾವ ನೆಲದ ಮೇಲೆ ನಿಂತಿದ್ದೀಯೋ ಆ ನೆಲದ ಹಣವನ್ನೇ ಆರಿಸು. ನಿನ್ನ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಮಾನ್ಯವಾಗಿ ನೂರಕ್ಕೆ ಮೂರೂವರೆ, ಅದರ ಮೇಲೆ ಜಿಎಸ್‌ಟಿ. ಅದನ್ನು ತಪ್ಪಿಸಲಾಗದಿದ್ದರೂ ಎರಡು ಕಡೆ ಕೊಡುವುದನ್ನು ತಪ್ಪಿಸಬಹುದು. ಯುಪಿಐ ಸಿಂಗಪುರದ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಆದರೆ ಅದನ್ನೇ ನಂಬಿ ಮನೆಯಿಂದ ಹೊರಡಬೇಡ.

ಮರಳಿ ಸಿಂಗಪುರಕ್ಕೆ ಬಂದಾಗ ಉಳಿದ ರಿಂಗಿಟ್, ಬಾತ್ ನೋಟುಗಳನ್ನು ಅಲ್ಲೇ ಡಾಲರಿಗೆ ತಿರುಗಿಸು. ನಾಣ್ಯವನ್ನು ಯಾರೂ ತೆಗೆದುಕೊಳ್ಳುವುದಿಲ್ಲ, ಆಯಾ ಊರಲ್ಲೇ ಖರ್ಚು ಮಾಡಿಬಿಡು. ಮನೆಗೆ ಬಂದ ಮೇಲೂ ಡಾಲರ್ ಉಳಿದರೆ ಗಾಬರಿಯಿಲ್ಲ, 2,000 ಅಮೆರಿಕನ್ ಡಾಲರಿನ ಬೆಲೆಯಷ್ಟನ್ನು ಮುಂದಿನ ಪ್ರಯಾಣಕ್ಕೆಂದು ಇಟ್ಟುಕೊಳ್ಳಲು ನಿಯಮವೇ ಒಪ್ಪುತ್ತದೆ. ಹೆಚ್ಚಿನದ್ದನ್ನು 180 ದಿನದೊಳಗೆ ಬ್ಯಾಂಕಿಗೆ ಕೊಡಬೇಕು. ಮುಂದಿನ ಪ್ರಯಾಣ ಅಂತ ಬರೆಯುವಾಗ ನನಗೇ ಖುಷಿಯಾಗುತ್ತಿದೆ.

ಬುಧವಾರ ಬೆಳಗ್ಗಿನ ಬಸ್ಸಿಗೆ ನಾನು ಬೆಂಗಳೂರಿಗೆ ಬರುತ್ತೇನೆ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಹಡಗಿನ ಟಿಕೆಟ್ಟಿನ ಪ್ರತಿ, ನಿನ್ನ ಚೆಕ್ ಪುಸ್ತಕ ಒಂದೇ ಕಡೆ ತೆಗೆದಿಟ್ಟಿರು. ಭಾವನ ಪಿಂಚಣಿ ಜಮಾ ಆಗುವ ಖಾತೆಯದ್ದೇ ಆಗಲಿ, ದೊಡ್ಡವನದ್ದು ಬೇಡ. ಗುರುವಾರ ಕೌಂಟರಿನಲ್ಲಿ ನಾನು ನಿನ್ನ ಪಕ್ಕ ಕೂತಿರುತ್ತೇನೆ, ಫಾರ್ಮ್ ತುಂಬಿ ಸಹಿ ಹಾಕುವವಳು ನೀನು, ನೋಟು ಎಣಿಸಿಕೊಳ್ಳುವವಳೂ ನೀನೇ. ಮೆಣಸಿನ ಬಳ್ಳಿಗೆ ಈ ಸಲ ಗೊಂಚಲು ಚೆನ್ನಾಗಿ ಬಂದಿದೆ. ಒಂದು ಚೀಲ ಬೈನೆ ಬೆಲ್ಲ, ಕಾಚಂಪುಳಿ ತರುತ್ತೇನೆ, ಇನ್ನೇನಾದರೂ ಬೇಕಿದ್ದರೆ ಮಂಗಳವಾರದೊಳಗೆ ಫೋನ್ ಮಾಡು.

ನಿನ್ನ ತಮ್ಮ